ಇಂದ್ರವ್ವ ಒತ್ತಿದ ಐದು ಚುಕ್ಕಿ

ಹುನಗುಂದದಲ್ಲಿ ಇಂದ್ರವ್ವನ ಬಾಯಿಗೆ ಹೆದರದವರು ಇಬ್ಬರೇ. ಒಬ್ಬ ಅವಳ ಗಂಡ ದುರಗಪ್ಪ. ಇಳಕಲ್ಲಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಮಷೀನಿನ ಪಕ್ಕ ನಿಂತು ನಿಂತು ಅವನ ಎರಡೂ ಕಿವಿ ಕೈಕೊಟ್ಟಿವೆ. ಅವಳು ಏನು ಬೈದರೂ ಊಟಕ್ಕೆ ಕರೆಯುತ್ತಿದ್ದಾಳೆಂದು ತಿಳಿದು ಎದ್ದು ಬರುತ್ತಾನೆ. ಅವರ ಸಂಸಾರ ಇಷ್ಟು ಚೆಂದ ನಡೆದಿರುವುದರ ಗುಟ್ಟು ಇದೇ ಎಂದು ಓಣಿಯವರು ಹೇಳುತ್ತಾರೆ, ನಾವೂ ಅಲ್ಲಗಳೆಯುವುದಿಲ್ಲ. ಇನ್ನೊಬ್ಬಳು ಕಾಸಿಂಬಿ. ಆಕೆಯ ವಿಷಯಕ್ಕೆ ಆಮೇಲೆ ಬರೋಣ.

ಇಂದ್ರವ್ವ ಹುಟ್ಟಿದ್ದು ಐಹೊಳೆಯ ಮಗ್ಗುಲ ಹಳ್ಳಿಯಲ್ಲಿ. ದೂರದೂರದಿಂದ ಜನ ಬಂದು ಕ್ಯಾಮೆರಾ ಹಿಡಿದು ಬಾಯಿ ಬಿಟ್ಟು ನೋಡುವ ಗುಡಿಗಳ ಗೋಡೆಗೆ ಅವಳ ಅವ್ವ ಸೆಗಣಿಯ ಕುಳ್ಳು ತಟ್ಟುತ್ತಿದ್ದಳು. ಒಂಬತ್ತನೆಯ ವಯಸ್ಸಿಗೆ ಹುಡುಗಿ ರೊಟ್ಟಿ ಬಡಿಯಲು ಕೂತವಳು, ಐವತ್ನಾಲ್ಕಾದರೂ ಎದ್ದಿಲ್ಲ. ನಡುವೆ ಮದುವೆಯಾಯಿತು, ಎರಡು ಹೆಣ್ಣು ಹುಟ್ಟಿದವು, ಅವುಗಳ ಮದುವೆಯೂ ಆಯಿತು. ಎಲ್ಲವೂ ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಆದವು.

ರೊಟ್ಟಿಗಿಂತ ಹೆಚ್ಚಿನ ಹೆಸರು ತಂದುಕೊಟ್ಟದ್ದು ಅವಳ ಹಾಡು. ನಮ್ಮ ಕಡೆ ಮದುವೆಯಲ್ಲಿ ಬೀಗರನ್ನು ಹಂಗಿಸುವ ಹಾಡು ಹಾಡದಿದ್ದರೆ ಬೀಗರಿಗೇ ಅವಮಾನ. ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರ ಮೂಗು, ಮೀಸೆ, ನಡಿಗೆ, ಜಿಪುಣತನ ಒಂದನ್ನೂ ಬಿಡದೆ ಹಾಡಿನಲ್ಲಿ ಜಾಡಿಸುತ್ತಾರೆ. ಗಂಡಿನ ಕಡೆಯವರು ಮೀಸೆಯಡಿ ನಗುತ್ತ ಕೇಳುತ್ತಾರೆ. ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಬಾದಾಮಿಯ ಒಂದು ಮದುವೆಯಲ್ಲಿ ಇಂದ್ರವ್ವ ಹಾಡಿದ್ದಕ್ಕೆ ವರನ ಸೋದರಮಾವ ಎಲೆ ಬಿಟ್ಟು ಎದ್ದಿದ್ದ. ಎರಡು ವರ್ಷದ ಮೇಲೆ ಸ್ವಂತ ಮಗಳ ಮದುವೆಗೆ, "ನನ್ನ ಬೀಗರಿಗೂ ಹಂಗ ಹಾಡಬೇಕ ನೋಡವಾ" ಎಂದು ಅದೇ ಪುಣ್ಯಾತ್ಮ ಜೀಪು ಕಳಿಸಿದ.

ಹನ್ನೊಂದು ವರ್ಷದ ಹಿಂದೆ ಇಂದ್ರವ್ವ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ಕೇಂದ್ರ ಸುರು ಮಾಡಿದಳು. ಒಂದು ಉದ್ದನೆಯ ತಗಡಿನ ಶೆಡ್ಡು, ಹದಿನಾಲ್ಕು ಒಲೆ, ಹದಿನಾಲ್ಕು ಹೆಂಗಸರು. ಮದುವೆ, ಖಾನಾವಳಿ, ಹಾಸ್ಟೆಲ್ಲು ಎಂದು ಸಾವಿರಗಟ್ಟಲೆ ಖಡಕ್ ರೊಟ್ಟಿ ಅಲ್ಲಿಂದ ಹೋಗುತ್ತವೆ. ಹದಿನೈದನೆಯವಳೇ ಕಾಸಿಂಬಿ. ಅರವತ್ತೆಂಟು ದಾಟಿದ ಮುದುಕಿ. ಆಕೆಗೆ ಒಲೆ ಇಲ್ಲ. ಆಕೆ ರೊಟ್ಟಿ ಬಡಿಯುವುದಿಲ್ಲ, ಸುಡುವುದಿಲ್ಲ, ಎಣಿಸುವುದೂ ಇಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಹಿಟ್ಟಿನ ಚೀಲಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಾಳೆ. ಪ್ರತಿ ಚೀಲದಿಂದ ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ, ಮೂಸಿ, ನಾಲಿಗೆಗೆ ಹಚ್ಚಿ ನೋಡುತ್ತಾಳೆ. ಆಮೇಲೆ ಒಂದು ಹಿಡಿಗೆ ಕುದಿನೀರು ಹಾಕಿ ಮುಷ್ಟಿ ಕಟ್ಟಿ ಬಿಡುತ್ತಾಳೆ. ಜೋಳದ ಹಿಟ್ಟಿಗೆ ಜಿಗಿ ಇದ್ದರೆ ರೊಟ್ಟಿ, ಇಲ್ಲದಿದ್ದರೆ ಚೂರು. ಹಿಟ್ಟು ಹಳತಾದಷ್ಟೂ ಜಿಗಿ ಹೋಗುತ್ತದೆ. ಯಾವ ಚೀಲ ಯಾವುದರ ಜೊತೆ ಕೂಡಿಸಬೇಕು, ಎಸರು ಎಷ್ಟು ಕುದಿಯಬೇಕು, ಎಷ್ಟು ಸುರಿಯಬೇಕು ಎಂದು ಆಕೆ ಹೇಳಿದ ಮೇಲೆಯೇ ಹೆಂಗಸರು ಹಿಟ್ಟಿಗೆ ಕೈ ಹಾಕುವುದು. ಅಷ್ಟು ಹೇಳಿ ಮುದುಕಿ ಗೋಡೆಗೆ ಒರಗಿ ಅಡಿಕೆ ಅಗಿಯುತ್ತ ಕೂತುಬಿಡುತ್ತಾಳೆ. ನೋಡಿದವರಿಗೆ ಬಿಟ್ಟಿ ಕೂತಂತೆಯೇ ಕಾಣಬೇಕು.

ಇನ್ನು ಜಟ್‌ಪಟ್ ಕಂಪನಿಯ ಕಥೆ. ಬಾಗಲಕೋಟೆಯ ನವನಗರದಲ್ಲಿ ಗಾಜಿನ ಬಾಗಿಲಿನ ಆಫೀಸು, ಒಳಗೆ ಎಂಟು ಕುರ್ಚಿ, ಒಂದು ಎಸಿ. ಮಾಲಕ ಮಹಾಂತೇಶ. ಒಳ್ಳೆಯ ಹುಡುಗನೇ, ತಲೆಯೂ ಇದೆ, ಆದರೆ ರೊಟ್ಟಿಯ ಬಗ್ಗೆ ಅವನಿಗೆ ಗೊತ್ತಿದ್ದುದು ತಿನ್ನುವುದಷ್ಟೇ. ಅವನ ಕಂಪನಿ ಊರೂರಿನಿಂದ ದೊಡ್ಡ ಆರ್ಡರು ಹಿಡಿದು, ಹಿಟ್ಟಿನ ಚೀಲವನ್ನೂ ತಾನೇ ಕಳಿಸಿ, ಹುನಗುಂದ, ಇಳಕಲ್, ಬಾದಾಮಿಯ ಕೇಂದ್ರಗಳಲ್ಲಿ ರೊಟ್ಟಿ ಮಾಡಿಸಿಕೊಳ್ಳುತ್ತಿತ್ತು. ಯಾರು ಎಷ್ಟು ಮಾಡಿದರು ಎಂದು ತಿಳಿಯಲು ಒಂದು ಆ್ಯಪ್ ಮಾಡಿ ಎಲ್ಲರ ಫೋನಿಗೆ ಹಾಕಿಸಿದ. ಕಾಸಿಂಬಿಗೆ ಫೋನಿರಲಿಲ್ಲ, ಆಕೆಯ ಹೆಸರನ್ನು ಇಂದ್ರವ್ವನ ಫೋನಿನಲ್ಲೇ ಸೇರಿಸಿದರು.

ಆ್ಯಪಿನ ನಂಬಿಕೆಯ ಪ್ರಕಾರ ಒಬ್ಬ ಹೆಂಗಸು ಹಿಟ್ಟು ನಾದುತ್ತಾಳೆ, ಗುಂಡಿ ಒತ್ತುತ್ತಾಳೆ. ಬಡಿಯುತ್ತಾಳೆ, ಗುಂಡಿ ಒತ್ತುತ್ತಾಳೆ. ಇಪ್ಪತ್ತೈದು ರೊಟ್ಟಿಯಾದರೆ ಮತ್ತೆ ಗುಂಡಿ, ಅದು ಟಿಂಗ್ ಎಂದು "ಶಾಬ್ಬಾಸ್!" ಅನ್ನುತ್ತದೆ. ಅಯ್ಯೋ ನಿನ್ನ! ಮಣಿಕಟ್ಟಿನ ತನಕ ಹಿಟ್ಟಾಗಿರುವ ಕೈಯಲ್ಲಿ ಫೋನು ಮುಟ್ಟುವುದು ಹೇಗೆ? ಒಬ್ಬಳು ಮೊಣಕೈಯಿಂದ ಒತ್ತಿದಳು, ಒಬ್ಬಳು ಮೂಗಿನಿಂದ ಒತ್ತಿದಳು. ಮೂಗಿನಿಂದ ಒತ್ತಿದವಳ ಫೋನು ಬಾದಾಮಿಯ ಯಾವನೋ ಗೈಡಿಗೆ ಕರೆ ಹಚ್ಚಿ, ಅವನು ವಾರಗಟ್ಟಲೆ "ಯಾರ್ರಿ, ಮೇಣಬಸ್ತಿ ಗವಿ ನೋಡೋರೇನ್ರಿ?" ಎಂದು ತಿರುಗಿ ಫೋನು ಮಾಡುತ್ತಿದ್ದ. ಕೊನೆಗೆ ಹೆಂಗಸರು ದಿನವಿಡೀ ಕೆಲಸ ಮಾಡಿ, ಕೈ ತೊಳೆದುಕೊಂಡು, ಸಂಜೆ ಚಹಾದ ಹೊತ್ತಿಗೆ ಸಾಲಾಗಿ ಕೂತು ಎಲ್ಲ ಗುಂಡಿಗಳನ್ನೂ ಒಮ್ಮೆಲೇ ಒತ್ತತೊಡಗಿದರು. ಹತ್ತು ನಿಮಿಷ ಶೆಡ್ಡಿನ ತುಂಬ ಟಿಂಗ್ ಟಿಂಗ್, ಶಾಬ್ಬಾಸ್ ಶಾಬ್ಬಾಸ್. ಬಾಗಲಕೋಟೆಯ ಆಫೀಸಿನಲ್ಲಿ ಕಂಪ್ಯೂಟರು ನೋಡಿದವರಿಗೆ ಹುನಗುಂದದ ಹೆಂಗಸರು ಹತ್ತೇ ನಿಮಿಷದಲ್ಲಿ ಮೂರು ಸಾವಿರ ರೊಟ್ಟಿ ಮಾಡುವ ಪವಾಡಗಿತ್ತಿಯರು.

ಒಂದು ದಿನ ಜನರ ಅಭಿಪ್ರಾಯ ತಿಳಿಯಲು ಕಂಪನಿಯಿಂದ ಗೀತಾಂಜಲಿ ಬಂದಳು. ವಿದ್ಯಾಗಿರಿಯ ಹುಡುಗಿ, ಇಪ್ಪತ್ತಾರು ವರ್ಷ, ನಗುಮುಖ. ಕೈಯಲ್ಲಿ ಇಪ್ಪತ್ತು ಪ್ರಶ್ನೆಯ ಕಾಗದ. ಬಿಸಿಲಲ್ಲಿ ಬಸ್ಸಿಳಿದು ಬಂದು, ಎಲ್ಲರಿಗೂ ಕೈಮುಗಿದು, ಚಾಪೆಯ ಮೇಲೆ ಕೂತು, "ಆ್ಯಪ್ ಹೆಂಗ ಅನಸ್ತದ್ರಿ? ಖರೆ ಖರೆ ಹೇಳ್ರಿ, ತಪ್ಪಿದ್ರ ತಿದ್ತೇವಿ" ಎಂದಳು.

ಹದಿನಾಲ್ಕು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮನೆಗೆ ಬಂದ ಹೆಣ್ಣುಮಗಳು. ಬಿಸಿಲಲ್ಲಿ ಬಂದಿದ್ದಾಳೆ, ಮುಖ ಬಾಡಿದೆ. ಅವಳು ತಂದ ವಸ್ತುವನ್ನು ಅವಳೆದುರೇ ಹಳಿಯುವುದೇ? ಅದಕ್ಕಿಂತ ನಾಲಿಗೆ ಬಿದ್ದುಹೋದರೆ ಲೇಸು.

"ಛಲೋ ಐತ್ರಿ ಅಕ್ಕಾರ," ಅಂದಳು ಮೊದಲನೆಯವಳು.

"ಭಾಳ ಛಲೋ ಐತ್ರಿ," ಅಂದಳು ಮೂಗಿನಿಂದ ಒತ್ತಿದವಳು.

ಗೀತಾಂಜಲಿ ಇಂದ್ರವ್ವನ ಕಡೆ ತಿರುಗಿದಳು. ಬಾಯಿಯಿಂದಲೇ ಇಡೀ ತಾಲ್ಲೂಕಿನ ನೀರಿಳಿಸಿದ ಇಂದ್ರವ್ವ! ಅವಳೂ "ಏನ ಕಮ್ಮಿ ಐತ್ವಾ ತಂಗಿ, ಬಂಗಾರದಂಥಾದ್ದು" ಎಂದು ಫೋನು ತೆಗೆದು, ಹುಡುಗಿ ತೋರಿಸಿದ ಕಡೆ ಐದಕ್ಕೆ ಐದೂ ಚುಕ್ಕಿ ಒತ್ತಿದಳು. ಕಾಸಿಂಬಿಯ ಹೆಸರಿನಲ್ಲೂ ಐದು ಒತ್ತಿದಳು. ಹೋಗುವಾಗ ಹುಡುಗಿಗೆ ಅರಿಶಿನ ಕುಂಕುಮ ಹಚ್ಚಿ, ಕುಪ್ಪಸದ ಖಣ ಇಟ್ಟು, ಅಕ್ಕಿ ತೆಂಗಿನಕಾಯಿ ಹಾಕಿ ಉಡಿ ತುಂಬಿ ಕಳಿಸಿದಳು. ಗೀತಾಂಜಲಿಗೆ ಬಸ್ಸಿನಲ್ಲಿ ಕಣ್ಣು ತುಂಬಿ ಬಂದಿತ್ತಂತೆ. ಇಳಕಲ್ಲಿನವರೂ ಹಾಗೆಯೇ ಹೇಳಿದರು, ಬಾದಾಮಿಯವರೂ ಹಾಗೆಯೇ ಹೇಳಿದರು. ಮೂರು ಊರಿಗೆ ಮೂರು ಉಡಿ.

ಇಷ್ಟು ಜನ ಇಷ್ಟು ಮೆಚ್ಚಿದ ಮೇಲೆ ಮಹಾಂತೇಶ ಸುಮ್ಮನಿರುತ್ತಾನೆಯೇ? ಅದೇ ಆ್ಯಪನ್ನು ಇನ್ನಷ್ಟು ಬಿಗಿ ಮಾಡಿದ. ಹೊಸದರಲ್ಲಿ ಯಾರು ಎಷ್ಟು ರೊಟ್ಟಿ ಎಂದು ಎಲ್ಲರಿಗೂ ಕಾಣುತ್ತಿತ್ತು. ಏನೂ ಒತ್ತದವರ ಹೆಸರಿನ ಪಕ್ಕ ಬಾಯಿ ತೆರೆದು ಗೊರಕೆ ಹೊಡೆಯುವ ಒಂದು ಗೊಂಬೆ ಬರುತ್ತಿತ್ತು. ಮೂವತ್ತು ದಿನ ಗೊಂಬೆ ಬಂದವರ ಹೆಸರು ಮರುದಿನದ ಪಾಳಿಯಿಂದ ತಾನಾಗಿಯೇ ಹೊರಗೆ. ಪಾಳಿಯ ಹೆಸರನ್ನು ದಿನಾ ಬೆಳಿಗ್ಗೆ ಫೋನೇ ಗಟ್ಟಿಯಾಗಿ ಕೂಗುತ್ತಿತ್ತು, ಸಾಲಿಯಲ್ಲಿ ಹಾಜರಿ ಕೂಗಿದ ಹಾಗೆ.

ಹೆಂಗಸರು ಮೊದಲು ಗೊಂಬೆ ನೋಡಿ ನಕ್ಕರು. ಕಾಸಿಂಬಿಯೂ ನಕ್ಕಳು, "ಏ ಇಂದ್ರಿ, ಬರೋಬ್ಬರಿ ನನ್ನಂಗ ಐತಲ್ಲ, ಬಾಯಾಗ ಹಲ್ಲಿಲ್ಲ" ಎಂದು. ಮೂವತ್ತೊಂದನೆಯ ಬೆಳಿಗ್ಗೆ ಫೋನು ಹದಿನಾಲ್ಕು ಹೆಸರು ಕೂಗಿ ನಿಂತಿತು. ಕಾಸಿಂಬಿ ಚೀಲದ ಮುಂದೆ ಕೂತವಳು, ಇನ್ನೂ ಒಂದು ಬರುತ್ತದೆ ಎಂದು ಕಾದಳು. ಬರಲಿಲ್ಲ. ಮುದುಕಿ ಕೈಯ ಹಿಟ್ಟು ಝಾಡಿಸಿ, ಸೆರಗು ಸರಿ ಮಾಡಿಕೊಂಡು ಎದ್ದು ಮನೆಗೆ ಹೋದಳು. ಇಂದ್ರವ್ವ, "ಅಕ್ಕಾ, ಆ ಹಾಳು ಫೋನಿನ ಮಾತ ಏನ ಕೇಳ್ತಿ, ಬಾ ಇಲ್ಲೆ" ಎಂದು ಬೀದಿಯ ತನಕ ಬೆನ್ನುಹತ್ತಿದ್ದೂ ವ್ಯರ್ಥವಾಯಿತು.

ಅಂದಿನ ರೊಟ್ಟಿಯ ಅಂಚು ಸೀಳಿತು. ಮರುದಿನದ ರೊಟ್ಟಿ ಹಂಚಿನ ಮೇಲೇ ಹೋಳಾಯಿತು. ಶಿವಯೋಗ ಮಂದಿರದ ಕಡೆಯ ಒಂದು ಮದುವೆಗೆ ಹೋದ ಬುಟ್ಟಿಗಳಲ್ಲಿ ರೊಟ್ಟಿಯೇ ಇರಲಿಲ್ಲ, ಬರೀ ನುಚ್ಚಿತ್ತು. ಬೀಗರು ಚಮಚ ಕೇಳಿದರಂತೆ. ಕಂಪನಿಯಿಂದ ಬರುತ್ತಿದ್ದ ಹಿಟ್ಟಿನಲ್ಲಿ ಎಷ್ಟೋ ಚೀಲ ಹಳೆಯದಿರುತ್ತಿತ್ತು. ಅದನ್ನು ಹೊಸದಕ್ಕೆ ಕೂಡಿಸಿ, ಎಸರು ಹೆಚ್ಚು ಕಡಿಮೆ ಮಾಡಿ, ಯಾರಿಗೂ ಹೇಳದೆ ಕಾಸಿಂಬಿ ಇಷ್ಟು ದಿನ ಸುಧಾರಿಸುತ್ತಿದ್ದಳು ಎಂಬುದು ಇಂದ್ರವ್ವನಿಗೂ ಆಗಲೇ ಪೂರ್ತಿ ತಿಳಿದದ್ದು. ಗಿರಾಕಿಗಳ ದೂರು ಹೆಚ್ಚಿ ಫೋನಿನಲ್ಲಿ ಹದಿನಾಲ್ಕೂ ಹೆಸರು ಕೆಂಪಾದವು.

ಇಂದ್ರವ್ವ ಕಾಸಿಂಬಿಯ ಮನೆಗೆ ಹೋದಳು. ಮುದುಕಿ ಹೊಸ್ತಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ಅಕ್ಕಾ, ಸಾಕಿನ್ನ. ನಾ ಕರ್ಯಾಕ ಬಂದೇನಿ."

"ನೀ ಕರದ್ರ ಅದು ಕರುಣಾ ಆಗತೈತಿ, ಇಂದ್ರಿ. ಕೆಲಸದಾಗ ಹೆಸರಿದ್ರ ಕೆಲಸ. ಆ ಫೋನು ನನ್ನ ಹೆಸರ ಕೂಗಲಿ, ಬರ್ತೇನಿ. ಇಲ್ಲಾಂದ್ರ ಮುದುಕಿ ಬಿಟ್ಟಿ ಕುಂತ ಉಣತೈತಿ ಅಂತ ಜನ ಅಂತಾರ."

ಇಂದ್ರವ್ವ ಹೊಸ್ತಿಲ ಕೆಳಗೆ ಕೂತಳು. ಹೇಳದೆ ಇರಲಾಗಲಿಲ್ಲ. "ನಿನ್ನ ಹೆಸರ ತಗಿಸಿದಾಕಿ ನಾನ, ಅಕ್ಕಾ. ಆ ಹುಡುಗಿ ಕೇಳಿದಾಗ ಛಲೋ ಐತಿ ಅಂದೆ. ನಿನ್ನ ಹೆಸರಿನಾಗೂ ಐದು ಚುಕ್ಕಿ ಒತ್ತಿದೆ."

ಕಾಸಿಂಬಿ ಬೆಳ್ಳುಳ್ಳಿ ಕೆಳಗಿಟ್ಟಳು. "ತೋಬಾ ತೋಬಾ! ಊರ ಮಂದಿನೆಲ್ಲಾ ಬೈಕೋಂತ ತಿರಗ್ತಿ. ಬೈಬೇಕಾದ ದಿನಾನ ನಿನ್ನ ನಾಲಿಗಿ ನಾಚಿಕೋತೇನ?"

ಇಂದ್ರವ್ವನನ್ನು ಯಾರೂ ಹೀಗೆ ಅಂದಿರಲಿಲ್ಲ. ಅಂದಿದ್ದರೂ ಅವಳು ತಿರುಗಿ ಹತ್ತು ಅನ್ನುತ್ತಿದ್ದಳು. ಅಂದು ಎದ್ದು ಬಂದಳು. ದಾರಿಯಲ್ಲಿ ಅಡ್ಡ ಬಂದ ನಾಯಿಯನ್ನೂ ಬೈಯಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುವ ಮಾತನ್ನು ಅವಳು ಬೇರೆಯವರಿಗೆ ನೂರು ಸಲ ಹೇಳಿದ್ದಳು. ಅಂದು ತನಗೆ ತಾನೇ ಹೇಳಿಕೊಂಡಳು. ಕಾಸಿಂಬಿಯೇ ಅವಳಿಗೆ ಎಸರಿನ ಹದ ಕಲಿಸಿದವಳು. ಮೊದಲ ಹೆರಿಗೆಯಲ್ಲಿ ದವಾಖಾನಿಗೆ ಹೊತ್ತುಕೊಂಡು ಓಡಿದವಳೂ ಆಕೆಯೇ.

ಇಂದ್ರವ್ವ ಮಹಾಂತೇಶನಿಗೆ ಫೋನು ಮಾಡಿದಳು. ಅವನು ಸಾವಧಾನವಾಗಿ ಕೇಳಿ, "ಅಮ್ಮಾರ, ನಮ್ಮ ಹತ್ರ ಲೆಕ್ಕ ಐತ್ರಿ. ನೂರಕ್ಕ ನೂರು ಮಂದಿ ಖುಷಿ ಅದಾರ. ಆ ಕಾಸಿಂಬಿ ಅನ್ನೋರೂ ಐದು ಚುಕ್ಕಿ ಕೊಟ್ಟಾರ ನೋಡ್ರಿ" ಎಂದ. ಇಂದ್ರವ್ವ ಫೋನು ಇಟ್ಟು, ಕಿವಿ ಕೇಳದ ಗಂಡನನ್ನು ಅರ್ಧ ತಾಸು ಬೈದಳು. ದುರಗಪ್ಪ ಕೈ ತೊಳೆದುಕೊಂಡು ಬಂದು ತಾಟಿನ ಮುಂದೆ ಕೂತ.

ರೊಟ್ಟಿ ಮುರಿಯುತ್ತಿವೆ ಎಂದು ಕಂಪನಿಗೂ ತಲೆಬಿಸಿಯಾಗಿ, ಗೀತಾಂಜಲಿಯನ್ನು ಎರಡನೆಯ ಸಲ ಕಳಿಸಿದರು. ಈ ಸಲ ಹೇಳಿಯೇ ಬಿಡಬೇಕು ಎಂದು ಇಂದ್ರವ್ವ ಸೆರಗು ಸಿಕ್ಕಿಸಿ ನಿಂತಿದ್ದಳು. ಹುಡುಗಿ ಒಳಗೆ ಬಂದಳು. ಕಳೆದ ಸಲ ಕೊಟ್ಟ ಖಣದ ಕುಪ್ಪಸವನ್ನೇ ಹೊಲಿಸಿ ತೊಟ್ಟುಕೊಂಡು ಬಂದಿದ್ದಳು! ಇನ್ನು ಇವಳಿಗೆ ಏನೆಂದು ಬೈಯುವುದು?

"ಏನರ ತೊಂದ್ರಿ ಐತೇನ್ರಿ?" ಎಂದಳು ಗೀತಾಂಜಲಿ.

ಇಂದ್ರವ್ವ ಬಾಯಿ ತೆರೆದಳು. "ತೊಂದ್ರಿ… ಏನಿಲ್ಲ ತಂಗಿ. ಚಾ ಕುಡೀತಿಯೇನ?" ಅಂದುಬಿಟ್ಟಳು. ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಆ ಹುಡುಗಿ ಪೆದ್ದಿಯೇನಲ್ಲ. ಮೂಲೆಯಲ್ಲಿ ನುಚ್ಚಾದ ರೊಟ್ಟಿಯ ಗುಡ್ಡೆ ಕಂಡಿತ್ತು, ಹೆಂಗಸರ ಮುಖವೂ ಕಂಡಿತ್ತು. "ಅಕ್ಕಾರ, ನನ್ನ ಮುಂದ ಹೇಳಾಕ ಸಂಕೋಚ ಆದ್ರ, ಹೆಂಗ ಕೇಳಬೇಕು ಅನ್ನೂದಾದ್ರೂ ಹೇಳಿಕೊಡ್ರಿ" ಎಂದಳು.

ಆಗ ಇಂದ್ರವ್ವನಿಗೆ ಹೊಳೆಯಿತು.

"ತಂಗಿ, ಮನಿಗೆ ಬಂದ ಹೆಣ್ಣಮಗಳಿಗೆ ಬೈಯಾಕ ಬರಂಗಿಲ್ಲ. ಬೀಗತಿಗೆ ಬೈಬಹುದು. ನೀ ಈಗ ಗಂಡಿನ ಕಡಿಯಾಕಿ. ಆ ಆ್ಯಪ ನಿಮ್ಮ ವರ. ನಾವು ಹೆಣ್ಣಿನ ಕಡಿಯವ್ರು. ಸಿಟ್ಟಿಗೆ ಬರಂಗಿಲ್ಲ ನೋಡ, ಬಂದ್ರ ನಮ್ಮ ಪದ್ಧತಿ ಅಲ್ಲ."

ಗೀತಾಂಜಲಿ ಕಾಗದ ಮಡಚಿ, ಫೋನಿನಲ್ಲಿ ಧ್ವನಿ ಹಿಡಿಯಲು ಇಟ್ಟು, ಬೀಗತಿಯ ಹಾಗೆ ಗತ್ತಿನಿಂದ ಕಾಲು ಮಡಚಿ ಕೂತಳು. ಇಂದ್ರವ್ವ ಕಿವಿಗೆ ಕೈ ಹಚ್ಚಿ ಎತ್ತಿಕೊಂಡಳು:

*ಬಾಗಲಕೋಟಿ ಬೀಗರು ಬಂದಾರ ನೋಡವ್ವ*
*ಹೊತಗೊಂಡು ತಂದಾರ ಮದುಮಗನ*
*ಕೈಯಿಲ್ಲ ಕಾಲಿಲ್ಲ ಕರದರ ಓ ಅನ್ನಲ್ಲ*
*ಒತ್ತಿದರ ಟಿಂಗ ಅಂತಾನ!*

ಹದಿಮೂರು ಹೆಂಗಸರು ಹೋ ಎಂದು ಕೊನೆಯ ಸಾಲು ಎಳೆದರು. ಆಮೇಲೆ ತಡೆಯುವವರು ಯಾರು? ಮೂಗಿನಿಂದ ಒತ್ತಿದವಳೇ ಮುಂದಿನದನ್ನು ಕಟ್ಟಿದಳು:

*ಹಿಟ್ಟಿನ ಕೈಯೀಲೆ ಮುಟ್ಟಿದರ ಮುನಿತಾನ*
*ಮೂಗೀಲೆ ಒತ್ತಂದ ನಮ್ಮಳಿಯ*
*ಮೂಗೀಲೆ ಒತ್ತಿದರ ಮಾರ್ಯೆಲ್ಲ ಹಿಟ್ಟಾತು*
*ಬೀಗತಿ ಒರಸ ಬಾ ಸೆರಗೀಲೆ!*

ಗೀತಾಂಜಲಿ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಬ್ಬರು ಮೂವರು ಸೇರಿ ಒಂದು ರೊಟ್ಟಿ ಮಾಡುವಾಗ ಅದು ಯಾರ ರೊಟ್ಟಿ ಎಂದು ಕೇಳುವ ಆ್ಯಪಿಗೂ ಒಂದು ಬಿತ್ತು:

*ಒಬ್ಬಾಕಿ ಬಡದಾಳ ಒಬ್ಬಾಕಿ ಸುಟ್ಟಾಳ*
*ಯಾರದೀ ರೊಟ್ಟಿ ಅಂತಾನ*
*ಹೆತ್ತಾಕಿ ಒಬ್ಬಾಕಿ ಎತ್ತ್ಯಾಡಿದಾಕೊಬ್ಬಾಕಿ*
*ನೀ ಯಾರ ಕೂಸಂತ ಹೇಳಪ್ಪ!*

ಒಂದೂವರೆ ತಾಸು ಹಾಡಿದರು. ಹೆಸರು ಕೂಗುವ ದನಿ, ಎಲ್ಲರೆದುರು ಎಣಿಕೆ ತೋರಿಸುವ ಸೊಕ್ಕು, ಕೆಂಪು ಬಣ್ಣ, ಸುಳ್ಳು ಶಾಬ್ಬಾಸು, ಒಂದನ್ನೂ ಬಿಡಲಿಲ್ಲ. ಕಡೆಯದನ್ನು ಇಂದ್ರವ್ವ ಒಬ್ಬಳೇ ಹಾಡಿದಳು:

*ಹಿರಿಯಾಕಿ ಕುಂತರ ಮನಿತುಂಬ ಬೆಳಕವ್ವ*
*ಗೊರಕಿಯ ಗೊಂಬಿ ಹಚ್ಯಾನ*
*ಹಿಟ್ಟಿನ ಹದ ಬಲ್ಲ ಕಾಸಿಂಬಿ ಹೆಸರಳಿಸಿ*
*ಹೊಟ್ಟಿಗೆ ಏನ ತಿಂತಾನ!*

ಇದಕ್ಕೆ ಯಾರೂ ನಗಲಿಲ್ಲ. ಗೀತಾಂಜಲಿ, "ಈ ಕಾಸಿಂಬಿ ಯಾರ್ರಿ?" ಎಂದು ಮೆಲ್ಲಗೆ ಕೇಳಿದಳು.

ಆಕೆಯ ಮನೆಗೆ ಹೋಗಿ ನೋಡಿದಳು. ಮುದುಕಿ ಚಹಾ ಕೊಟ್ಟು, "ನಾ ಏನೂ ಮಾಡಂಗಿಲ್ಲ ಬೇಟಿ, ಸುಮ್ನ ಕುಂದರ್ತೇನಿ" ಎಂದಳು. ಹಿಂದಿನ ಗೀತಾಂಜಲಿಯಾಗಿದ್ದರೆ ಕಾಗದದಲ್ಲಿ ಏನೂ ಇಲ್ಲ ಎಂದು ಬರೆದುಕೊಂಡು ಹೋಗುತ್ತಿದ್ದಳು. ಈಗ ಬುದ್ಧಿ ಬಂದಿತ್ತು. "ಹಂಗಾರ ನಾಳೆ ಒಂದಿನ ಬಂದು ಏನೂ ಮಾಡಬ್ಯಾಡ್ರಿ. ನಾ ಬಾಜೂಕ ಕುಂತು ನೋಡ್ತೇನಿ" ಎಂದಳು. ಕಾಸಿಂಬಿಗೆ ನಗು ಬಂತು. ಕೆಲಸಕ್ಕಲ್ಲ, ಹುಡುಗಿಯ ಮಾತಿಗೆ ಎಂದು ಮೂರು ದಿನ ಬಂದು 'ಏನೂ ಮಾಡಲಿಲ್ಲ'. ಆ ಮೂರು ದಿನ ಒಂದು ರೊಟ್ಟಿಯೂ ಮುರಿಯಲಿಲ್ಲ. ಗೀತಾಂಜಲಿ ಪ್ರತಿ ಚೀಲದ ಮುಂದೆ ಮುದುಕಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಹಿಟ್ಟು ತಿಕ್ಕಿ, ಮೂಸಿ, ನಾಲಿಗೆಗೆ ಹಚ್ಚಿ ನೋಡಿದಳು. ಅವಳಿಗೆ ಎಲ್ಲ ಚೀಲವೂ ಒಂದೇ ರುಚಿ ಅನ್ನಿಸಿತು. ಅದನ್ನೂ ಬರೆದುಕೊಂಡಳು.

ನವನಗರದ ಆಫೀಸಿನಲ್ಲಿ ಎಂಟೂ ಕುರ್ಚಿಯವರನ್ನು ಕೂಡಿಸಿ ಹಾಡು ಕೇಳಿಸಿದಳಂತೆ. ಮಹಾಂತೇಶ ಮೊದಲು ನಕ್ಕ, ನಡುವೆ ಕೆಂಪಗಾದ, ಆಮೇಲೆ ಎಸಿ ಹೆಚ್ಚು ಮಾಡಿಸಿದ. ಅಷ್ಟರಲ್ಲಿ ಬಾದಾಮಿ, ಇಳಕಲ್ಲಿನ ಹೆಂಗಸರ ಹಾಡುಗಳನ್ನೂ ಗೀತಾಂಜಲಿ ಹಿಡಿದು ತಂದಿದ್ದಳು. ಇಳಕಲ್ಲಿನವರದ್ದನ್ನು ಇಲ್ಲಿ ಬರೆಯುವಂತಿಲ್ಲ. ಹಳೆಯ ಆ್ಯಪನ್ನು ಒಡೆದು ಕಟ್ಟಲು ಎರಡು ತಿಂಗಳು ಹಿಡಿಯಿತು. ಎಣಿಕೆ ಹೋಯಿತು, ಗೊಂಬೆ ಹೋಯಿತು, ಶಾಬ್ಬಾಸೂ ಹೋಯಿತು. ಇಡೀ ಕೇಂದ್ರಕ್ಕೆ ಒಂದೇ ಫೋನು, ಗೋಡೆಗೆ ತೂಗುಹಾಕಿದ್ದು, ಮುಟ್ಟುವುದೇ ಬೇಡ, ಬಾಯಿಮಾತು ಕೇಳುತ್ತದೆ. ಹೊಸದೇನು ಸೇರಿತು ಎಂದು ಮಾತ್ರ ಗೀತಾಂಜಲಿ ಹುನಗುಂದದವರಿಗೆ ಹೇಳಿರಲಿಲ್ಲ. ಇಂದ್ರವ್ವನಿಗೆ ಅನ್ನ ರುಚಿಸುತ್ತಿರಲಿಲ್ಲ. ಆ ಎರಡು ತಿಂಗಳು ಕಾಸಿಂಬಿ ಹೊಸ್ತಿಲು ದಾಟಿರಲಿಲ್ಲ, ಕೇಂದ್ರದ ಆರ್ಡರು ಅರ್ಧಕ್ಕಿಳಿದಿತ್ತು. ಇದರಲ್ಲೂ ಮುದುಕಿಯ ಹೆಸರು ಇಲ್ಲವೆಂದರೆ ಇನ್ಯಾವ ಮುಖ ಹೊತ್ತು ಆ ಹೊಸ್ತಿಲಿಗೆ ಹೋಗುವುದು?

ಹೊಸದನ್ನು ಸುರು ಮಾಡುವ ದಿನ ಬೆಳಿಗ್ಗೆ ಮಹಾಂತೇಶ ತಾನೇ ಕಾರಿನಲ್ಲಿ ಬಂದ. ಅವನಿಗೆ ಕುರ್ಚಿ, ಶಾಲು, ಹಾರ, ಕೇಸರಿಬಾತು. ಕಂಪನಿಯ ಹೊಸ ಚೀಲಗಳು ಸಾಲಾಗಿ ನಿಂತಿದ್ದವು. ಗೀತಾಂಜಲಿ ಕೈಹಿಡಿದು ಕರೆತಂದಿದ್ದರಿಂದ ಕಾಸಿಂಬಿ ಬಾಗಿಲ ಹೊರಗೆ ನಿಂತಿದ್ದಳು, ಒಳಗೆ ಕಾಲಿಟ್ಟಿರಲಿಲ್ಲ. ಹದಿನಾಲ್ಕು ಒಲೆಗಳ ಮುಂದೆ ಹದಿನಾಲ್ಕು ಹೆಂಗಸರು ಕೂತರು. ಗೋಡೆಯ ಫೋನು ಮಾತಾಡಿತು. ದನಿ ಗೀತಾಂಜಲಿಯದೇ:

"ಕಾಸಿಂಬಿಯವ್ರ, ಹಿಟ್ಟು ಹೆಂಗೈತ್ರಿ?"

ಬೇರೆ ಯಾರ ಹೆಸರನ್ನೂ ಅದು ಕೂಗಲಿಲ್ಲ. ಉತ್ತರಕ್ಕೆ ಕಾಯುತ್ತ ಸುಮ್ಮನಾಯಿತು. ಇಂದ್ರವ್ವನ ಕಣ್ಣಿಂದ ದಳದಳ ನೀರು ಇಳಿಯಿತು. "ಅಕ್ಕಾ, ನಿನ್ನ ಕೇಳಾಕತ್ತೈತಿ. ಬಾ" ಎಂದಳು.

ಕಾಸಿಂಬಿ ಒಳಗೆ ಬಂದಳು. ಯಾರನ್ನೂ ನೋಡದೆ ಚೀಲಗಳ ಮುಂದೆ ಕೂತಳು. ಒಂದೊಂದರಿಂದ ಚಿಟಿಕೆ ತೆಗೆದಳು. ತಿಕ್ಕಿದಳು, ಮೂಸಿದಳು, ನಾಲಿಗೆಗೆ ಹಚ್ಚಿದಳು, ಕುದಿನೀರು ಹಾಕಿ ಮುಷ್ಟಿ ಕಟ್ಟಿ ಬಿಟ್ಟಳು. ಅಂಗೈಯ ಉಂಡೆ ಒಡೆದು ಬಿತ್ತು. ಎಲ್ಲರಿಗೂ ಕಂಡಿತು. ಇಂದ್ರವ್ವ ಮಹಾಂತೇಶನ ಕಡೆ ನೋಡಿದಳು. ಮುಂದೆ ಕೂತಿರುವವನು ಹಿಟ್ಟು ಕಳಿಸಿದ ಯಜಮಾನ, ಶಾಲು ಹೊದ್ದ ಅತಿಥಿ, ಬಾಯಿಯಲ್ಲಿ ಇವರದೇ ಕೇಸರಿಬಾತು. ಈ ಮುದುಕಿ ಇನ್ನು ಹೂಂ ಅನ್ನುತ್ತಾಳೆ, ಮೊದಲಿನ ಹಾಗೆ ಹೇಗೋ ಸುಧಾರಿಸುತ್ತಾಳೆ, ಮುಗಿಯಿತು ಕಥೆ.

"ಕೆಟ್ಟೈತಿ," ಅಂದಳು ಕಾಸಿಂಬಿ, ಫೋನಿನ ಕಡೆ ಮುಖ ಮಾಡಿ, ಗಟ್ಟಿಯಾಗಿ. "ತಿಂಗಳ ಮ್ಯಾಲಿನ ಹಿಟ್ಟು. ವಾಪಸ್ ಒಯ್ರಿ."

"ಆಯ್ತ್ರಿ. ಕೆಲಸ ನಿಲ್ಲಿಸೇನಿ," ಎಂದಿತು ಫೋನು.

ಮಹಾಂತೇಶ ಕೇಸರಿಬಾತು ನುಂಗಿದ. "ಇವತ್ತೊಂದಿನ ನಡಸ್ರಿ ಅಮ್ಮಾ. ಇಷ್ಟು ದಿನ ಇದ ಹಿಟ್ಟಿನಾಗ ಮಾಡಿರಲ್ಲ?" ಎಂದವನು ಗೀತಾಂಜಲಿಯ ಕಡೆ ತಿರುಗಿ, "ಇದನ್ನ ದಾಟಿ ಮುಂದ ಹೋಗೋ ಗುಂಡಿ ಎಲ್ಲೈತಿ?" ಎಂದ.

"ಇಟ್ಟಿಲ್ಲ ಸರ್," ಎಂದಳು ಗೀತಾಂಜಲಿ.

ಕಾಸಿಂಬಿ ಅಂಗೈಯ ಹಿಟ್ಟು ಒರೆಸಿಕೊಳ್ಳುತ್ತ ಅವನನ್ನು ನೋಡಿದಳು. ಸಿಟ್ಟೇನೂ ಇರಲಿಲ್ಲ. "ಇಷ್ಟು ದಿನ ಯಾರೂ ಕೇಳಿರ್ಲಿಲ್ಲಪಾ," ಎಂದಳು. "ಅದಕ್ಕ ಸುಧಾರಸ್ತಿದ್ದೆ. ಈಗ ಕೇಳೀರಿ, ಹೇಳೇನಿ."

ಹೆಂಗಸರು ಒಬ್ಬೊಬ್ಬರಾಗಿ ಒಲೆಯ ಕೊಳ್ಳಿ ಹಿಂದಕ್ಕೆ ಎಳೆದರು. ಮಹಾಂತೇಶ ಹಾರ ತೆಗೆದು ಕುರ್ಚಿಯ ಮೇಲಿಟ್ಟು, ಶಾಲು ಮಡಚಿ ಗೀತಾಂಜಲಿಯ ಕೈಗೆ ಕೊಟ್ಟು, ಮೊದಲ ಚೀಲದ ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ಇಂದ್ರವ್ವ ಹಿಡಿದಳು. ಇಬ್ಬರೂ ಅದನ್ನು ಎತ್ತಿಕೊಂಡು ಕಾರಿನ ಕಡೆ ನಡೆದರು.